ಮೋಟಾರಿನ ತಂಪಿನ ಡಬ್ಬಿ

೨೭ ಮಾರ್ಚ್ ೧೯೪೯, ರವಿವಾರ

ಇವತ್ತು ಇಷ್ಟು ಹೊತ್ತಿಗೆ ಹೈದರಾಬಾದಿನಲ್ಲಿ ಇರಬೇಕಾಗಿತ್ತು. ಬೀದರಿನ ಮೈಲೂರಿನ ಇದೇ ಮೋಟಾರು ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ವಕೀಲ ಸಾಹೇಬರ ಕಪಾಟಿನಲ್ಲಿ ಖಾಲಿ ಬಿದ್ದಿದ್ದ ಡೈರಿ ಇದು. ಮನೆಯಲ್ಲಿ ಮಾತಾಡಲು ಗಂಡಸರಿಲ್ಲ, ಗಲ್ಲಿಯಲ್ಲಿ ಮನೆಗಳಿಗೆಲ್ಲ ಬೀಗ. ಭಾಲ್ಕಿಯ ಮಠದ ಸಾಲಿಯಲ್ಲಿ, ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕಲಿಸಿದ ಕನ್ನಡ ಇಷ್ಟು ವರ್ಷ ಮೈಲಿಗಲ್ಲು ಓದಲಿಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಬಂತು.

ಬೆಳಿಗ್ಗೆ ಹೊರಟೆವು. ಮುಂದೆ ಮೋಟಾರು ಓಡಿಸುತ್ತ ನಾನು, ಹಿಂದೆ ದುಲ್ಹನ ಪಾಶಾ ಮತ್ತು ಅವರ ಕೂಸು. ದುಲ್ಹನ ಪಾಶಾ ಎಂದರೆ ಈ ಮನೆಯ ಸೊಸೆ, ವಕೀಲ ಅಬ್ದುಲ ಅಜೀಜ ಸಾಹೇಬರ ಹೆಂಡತಿ. ಆಳುಕಾಳೆಲ್ಲ ಹಾಗೆ ಕರೆಯುತ್ತಿದ್ದೆವು, ಈಗ ಕರೆಯುವವನು ನಾನೊಬ್ಬನೇ ಉಳಿದಿದ್ದೇನೆ. ಸಾಹೇಬರು ಶ್ರಾವಣದಲ್ಲಿ ಒಂದು ಮೊಕದ್ದಮೆಗೆಂದು ಹೈದರಾಬಾದಿಗೆ ಹೋದರು. ಭಾದ್ರಪದದಲ್ಲಿ ಮಿಲಿಟ್ರಿ ಬಂತು, ಪೊಲೀಸ್ ಆ್ಯಕ್ಷನ್ ಆಯಿತು, ಆಮೇಲೆ ಮುಸಲ್ಮಾನರ ಮೇಲೆ ಆಗಬಾರದ್ದೆಲ್ಲ ಆಯಿತು. ಬೀದರಿಗೆ ಕಾಲಿಟ್ಟರೆ ಹಿಡಿಯುತ್ತಾರೆಂದು ಯಾರೋ ಹೇಳಿದ್ದರಿಂದ ಅವರು ಅಲ್ಲೇ ತಂಗಿಯ ಮನೆಯಲ್ಲಿದ್ದಾರೆ. ಕಾರ್ತಿಕದಲ್ಲಿ ಹುಟ್ಟಿದ ಮಗಳ ಮುಖವನ್ನು ಇನ್ನೂ ನೋಡಿಲ್ಲ.

ನಾಕಾದಲ್ಲಿ ಸಿಪಾಯಿಗಳು ತಪಾಸಣೆ ಮಾಡಿ ಬಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕತ್ತಲಲ್ಲಿ ಹೋಗಲು ಹುಕುಂ ಇಲ್ಲ. ಗಾಡಿಯ ಕಿಟಕಿಗೆಲ್ಲ ದಪ್ಪ ಪರದೆ, ಗಾಜು ಮೇಲೆ. ಒಳಗೆ ರೊಟ್ಟಿ ಸುಡಬಹುದಿತ್ತು. ಪರದೆ ಸರಿಸಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮೊದಲು ಪರದೆ ಮರ್ಯಾದೆಗೆ ಇತ್ತು, ಈಗ ಜೀವಕ್ಕೆ. ಜಹೀರಾಬಾದಿನ ದಾರಿಯಲ್ಲಿ ಕೂಸಿನ ಅಳು ಒಮ್ಮೆಲೆ ನಿಂತಿತು. ಅಂತೂ ಸುಮ್ಮನಾಯಿತಲ್ಲ ಎಂದು ಖುಷಿಪಟ್ಟೆ, ನನ್ನ ಬಾಯಿಗೆ ಬೂದಿ. ಮರುಗಳಿಗೆಗೆ ಹಿಂದಿನಿಂದ ಅವರು ಚೀರಿದರು. ಕೂಸು ಕೈಕಾಲು ಬಿಟ್ಟುಕೊಂಡು ವಾಲಿತ್ತು. ಬೇವಿನ ನೆರಳಿನಲ್ಲಿ ನಿಲ್ಲಿಸಿ ನೀರು ಚಿಮುಕಿಸಿ ಜೀವ ಬಂದ ಮೇಲೆ ಗಾಡಿ ತಿರುಗಿಸಿದೆ.

ರೈಲಿನ ಹೆಸರು ಎತ್ತುವ ಹಾಗಿಲ್ಲ. ದುಲ್ಹನ ಪಾಶಾರ ತಮ್ಮ ಗೌಸೋದ್ದೀನ ಭಾದ್ರಪದದಲ್ಲಿ ರೈಲು ಹತ್ತಿದವನು ಇನ್ನೂ ಎಲ್ಲೂ ಇಳಿದಿಲ್ಲ.

ಮನೆಗೆ ಬಂದ ಮೇಲೆ ದುಲ್ಹನ ಪಾಶಾ ಬಾಗಿಲ ಬಿದಿರುಕಡ್ಡಿಯ ಚಿಕ್ಕಿನ ಹಿಂದೆ ನಿಂತು ಹೇಳಿದರು, "ಧೊಂಡಿಬಾ, ಆ ತಂಪಿನ ಡಬ್ಬಿ ಸುಧಾರಿಸು. ಅದು ಆಗೋತನಕ ನಾ ಕೂಸಿನ ತಗೊಂಡು ಹೊಸ್ತಿಲ ದಾಟಂಗಿಲ್ಲ."

ಭಾಲ್ಕಿಯಲ್ಲಿ ಹುಟ್ಟಿ ಬೆಳೆದವರು. ನಮ್ಮ ಮಾತಿನಲ್ಲಿ ಬಯ್ಯಲು ನಮಗಿಂತ ಚೆನ್ನಾಗಿ ಬರುತ್ತದೆ.

೨೮ ಮಾರ್ಚ್, ಸೋಮವಾರ

ಅಟ್ಟದಿಂದ ಡಬ್ಬಿ ಇಳಿಸಿದೆ. ದೊಡ್ಡ ಯಂತ್ರವೇನಲ್ಲ, ಮಲಗಿಸಿಟ್ಟ ತಗಡಿನ ಕೊಡದ ಆಕಾರ. ಕಿಟಕಿಯ ಹೊರಗೆ ನೇತು ಹಾಕಿ ಹಿಡಿಕೆ ಬಿಗಿಯಬೇಕು. ಗಾಡಿ ಓಡಿದಾಗ ಬಿಸಿಗಾಳಿ ಮುಂದಿನ ಬಾಯಿಯಿಂದ ಒಳಗೆ ನುಗ್ಗುತ್ತದೆ. ಒಳಗೆ ಲಾವಂಚದ ಬೇರು ಸುತ್ತಿದ ಒಂದು ಚಕ್ರ, ಅದರ ಅಡಿಗೆ ನೀರು. ಹಿಂದೆ ಕುಳಿತವರು ದಾರ ಎಳೆದರೆ ಚಕ್ರ ತಿರುಗಿ ಬೇರು ನೀರಿನಲ್ಲಿ ಮುಳುಗಿ ಏಳುತ್ತದೆ. ಒದ್ದೆ ಬೇರಿನೊಳಗಿಂದ ಬಂದ ಗಾಳಿ ತಂಪಾಗಿ ಗಾಡಿಯೊಳಗೆ ಬೀಳುತ್ತದೆ. ಸಾಹೇಬರು ಮುಂಬಯಿಯಿಂದ ತರಿಸಿದ್ದರು. ಅದನ್ನು ಕಂಡು ಊರೆಲ್ಲ ವಕೀಲರ ಮೋಟಾರಿಗೆ ಕಿವಿ ಮೂಡಿದೆ ಎಂದು ನಕ್ಕಿತ್ತು.

ಈಗ ಅಡಿ ತುಕ್ಕು ಹಿಡಿದು ಜರಡಿಯಾಗಿದೆ. ಬೇರನ್ನು ಇಲಿಗಳು ಬಾಣಂತನಕ್ಕೆ ಒಯ್ದಿವೆ. ದಾರ ಇಲ್ಲ. ಎರಡು ವಾರದ ಕೆಲಸ. ಮುಗಿಸಿ, ಇವರನ್ನು ಮುಟ್ಟಿಸಿ, ಊರಿಗೆ ಹೋಗಿಬಿಡುತ್ತೇನೆ. ಈ ಕೂಸಿನ ಅಳುವಿನಲ್ಲಿ ಮನುಷ್ಯನು ಬದುಕುವುದುಂಟೆ?

೩೦ ಮಾರ್ಚ್, ಯುಗಾದಿ

ಅಣ್ಣ ಹಣಮಂತಪ್ಪ ಔರಾದ ಕಡೆಯ ನಮ್ಮೂರಿಂದ ಬಂದಿದ್ದ. ಅಂಗಳದೊಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತ. ಹೋಳಿಗೆ ಗಂಟು ಕೊಟ್ಟ. ಕುರಿ ಈ ಸಲ ಚೆನ್ನಾಗಿ ಈದಿವೆಯಂತೆ, ನನಗೆ ಹೆಣ್ಣು ನೋಡಿದ್ದಾರಂತೆ. ನಲವತ್ತು ದಾಟಿದ ಡ್ರೈವರನಿಗೆ ಯಾವ ಪುಣ್ಯಾತ್ಮ ಹೆಣ್ಣು ಕೊಡುತ್ತಾನೋ!

"ಮನಿಗಿ ಬಾ ತಮ್ಮಾ," ಎಂದ. "ಆ ಮಂದಿ ಮನ್ಯಾಗ ಇನ್ನ ಏನ ಉಳದದ ಅಂತ ಕುಂತೀದಿ?"

ಡಬ್ಬಿಯ ಕೆಲಸ ಇದೆ, ಮುಗಿದ ಮೇಲೆ ನೋಡೋಣ ಎಂದೆ. ಅವನ ಮೈಮೇಲೆ ಕಪ್ಪು ಕೋಟು ಇತ್ತು. ನಮ್ಮೂರಲ್ಲಿ ನೆರೆಮನೆಯ ಸರ್ದಾರ ಈದಿಗೆ ಹಾಕಿಕೊಳ್ಳುತ್ತಿದ್ದ ಕೋಟು. ತೋಳು ಗಿಡ್ಡವಾಗಿತ್ತು. ಸರ್ದಾರ ಎಲ್ಲಿ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅಣ್ಣ ಹೋದ ಮೇಲೆ ಹೋಳಿಗೆಯನ್ನು ಗಲ್ಲಿಯ ನಾಯಿಗೆ ಹಾಕಿದೆ. ಇನ್ನು ಆ ಊರಿಗೆ ನಾನು ಹೋಗಲಾರೆ. ಬೇರೆ ಊರು ನನಗಿಲ್ಲ.

೪ ಏಪ್ರಿಲ್, ಸೋಮವಾರ

ತುಕ್ಕು ಕೆರೆದು, ತುಪ್ಪದ ಡಬ್ಬಿಯ ತಗಡು ಕತ್ತರಿಸಿ ಅಡಿಗೆ ತೇಪೆ ಇಟ್ಟೆ. ಇದ್ದಿಲ ಸಿಗಡಿಯಲ್ಲಿ ಕಬ್ಬಿಣ ಕಾಯಿಸಿ ಬೆಸುಗೆ ಹಾಕಿದೆ. ನೀರು ತುಂಬಿದರೆ ಮೂರು ಕಡೆ ಕಣ್ಣೀರು. ಮತ್ತೆ ಹಾಕಿದೆ. ಈಗ ಒಂದೇ ಕಡೆ.

ಅಡಿಗೆಯವಳು ಬಿಟ್ಟುಹೋದಂದಿನಿಂದ ದುಲ್ಹನ ಪಾಶಾರೇ ಒಲೆ ಮುಂದೆ. ಮಧ್ಯಾಹ್ನ ಚಿಕ್ಕಿನ ಸಂದಿನಿಂದ ಎರಡು ಕೈ ಬಂದವು, ಕೈಗಳಲ್ಲಿ ಕೂಸು. ಒಲೆ ಉರಿಯುತ್ತಿದೆ, ಸ್ವಲ್ಪ ಹಿಡಿದುಕೋ ಎಂದರು. ಇಷ್ಟು ವರ್ಷ ಈ ಮನೆಯ ಅನ್ನ ಉಂಡರೂ ಅವರ ಮುಖ ನಾನು ನೋಡಿಲ್ಲ, ಅಂಥವರು ಹೊಟ್ಟೆಯಲ್ಲಿ ಹುಟ್ಟಿದ್ದನ್ನೇ ನನ್ನ ಕೈಗೆ ಇಟ್ಟರು. ನನಗೋ ಕುರಿಮರಿ ಹಿಡಿದು ಗೊತ್ತು. ಹಾಗೇ ಎದೆಗೆ ಅಡ್ಡ ಹಿಡಿದೆ. ನನ್ನ ಮೀಸೆ ನೋಡಿ ಕಿರುಚುತ್ತದೆ ಎಂದುಕೊಂಡಿದ್ದೆ, ಅದು ನನ್ನ ಕೈಯ ತಿರುಪು ಬಿಗಿಯುವ ಪಾನಾ ಹಿಡಿದುಕೊಂಡು ಚೀಪತೊಡಗಿತು. ಹೆಸರು ಮುನ್ನಿಯಂತೆ.

೯ ಏಪ್ರಿಲ್, ಶನಿವಾರ

ಲಾವಂಚದ ಬೇರಿಗಾಗಿ ಬೀದರೆಲ್ಲ ಅಲೆದೆ. ಬೇರು ಮಾರುತ್ತಿದ್ದ ನಜಮೋದ್ದೀನನ ಅಂಗಡಿಗೆ ಹಲಗೆ ಬಡಿದಿದ್ದಾರೆ. ನೌಬಾದಿನ ಸುರಂಗ ಬಾವಿಯ ಹತ್ತಿರ ತೇವದ ನೆಲದಲ್ಲಿ ಸಿಕ್ಕೀತೇ ಎಂದು ಅಲ್ಲಿಗೂ ಹೋದೆ. ಬರೀ ಕರಿಕೆ ಹುಲ್ಲು. ಬರುವಾಗ ಪೇಟೆಯಲ್ಲಿ ಪರಿಚಯದವರು ಇಬ್ಬರು ಎದುರಾದರು. ನನ್ನನ್ನು ಕಂಡು ಬೆಲ್ಲದ ಧಾರಣೆ ಮಾತಾಡತೊಡಗಿದರು, ನನ್ನ ಜೊತೆಯಲ್ಲ, ತಮ್ಮತಮ್ಮಲ್ಲೇ. ಈಗ ನನಗೆ ಬೀದರಿನಲ್ಲಿ ಎರಡೂ ಕಡೆಯವರು ಇಲ್ಲ.

ಸಂಜೆ ಮನಸ್ಸು ಗಟ್ಟಿ ಮಾಡಿ ನನ್ನ ಕಂಬಳಿ ತೆಗೆದೆ. ಅವ್ವ ನೂತದ್ದು. ಉರಿಬಿಸಿಲಿನಲ್ಲಿ ಅಪ್ಪ ನೀರಿನ ಗಡಿಗೆಗೆ ಒದ್ದೆ ಕಂಬಳಿ ಸುತ್ತಿಡುತ್ತಿದ್ದ, ಮಧ್ಯಾಹ್ನವೂ ಹಲ್ಲು ಜುಮ್ಮೆನ್ನುವ ನೀರು. ಬೇರಿಗೆ ಬರುವ ಗುಣ ಉಣ್ಣೆಗೆ ಯಾಕೆ ಬಾರದು? ಕಂಬಳಿಗೆ ಕತ್ತರಿ ಹಚ್ಚಬಾರದು ಎನ್ನುತ್ತಿದ್ದಳು ಅವ್ವ. ಹಚ್ಚಿದೆ. ಅರ್ಧ ಕಂಬಳಿಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಚಕ್ರಕ್ಕೆ ಸುತ್ತಿದೆ.

೧೧ ಏಪ್ರಿಲ್, ಸೋಮವಾರ

ಡಬ್ಬಿ ನಡೆಯಿತು!

ಮಧ್ಯಾಹ್ನದ ಬಿಸಿಲಿನಲ್ಲೇ ನೌಬಾದಿನವರೆಗೆ ಒಂದು ಸುತ್ತು ಹೋದೆವು. ಹಿಂದೆ ಅವರು ದಾರ ಎಳೆಯುತ್ತಿದ್ದರು, ಪ್ರತಿ ಸಲವೂ ಚಕ್ರ ಕಿರ್ರ್ ಎನ್ನುತ್ತಿತ್ತು. ಪರದೆಯ ಸಂದಿನಿಂದ ತಂಪು ಗಾಳಿ ನನ್ನ ಕುತ್ತಿಗೆಯವರೆಗೂ ಬಂತು. ಅದರ ಜೊತೆಗೆ ಇನ್ನೊಂದೂ ಬಂತು. ಒದ್ದೆ ಉಣ್ಣೆಯ ವಾಸನೆ! ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ, ಹುಟ್ಟಿದಾಗಿನಿಂದ ಅದರಲ್ಲೇ ಮಲಗಿದವರು. ಅತ್ತರು ಹಚ್ಚುವ ಮನೆಯವರು ಹಿಂದೆ ಕುಳಿತಿದ್ದಾರೆ ಎಂಬುದು ಆ ಕ್ಷಣದವರೆಗೆ ತಲೆಗೇ ಹೊಳೆದಿರಲಿಲ್ಲ.

"ಧೊಂಡಿಬಾ," ಎಂದರು ಹಿಂದಿನಿಂದ, "ನನಗ ಹೈದರಾಬಾದಿಗಿ ಒಯ್ಯಾಕ ಹೊಂಟೀದ್ಯೋ, ಕುರಿ ಹಟ್ಟಿಗೋ?"

ನಾನು ತಪ್ಪಾಯಿತು ಎನ್ನುವಷ್ಟರಲ್ಲಿ ಅವರು ನಕ್ಕರು. ಸಣ್ಣಗೆ ಶುರುವಾಗಿ, ತಡೆಯಲಾಗದೆ, ಮೂಗಿಗೆ ಸೆರಗು ಒತ್ತಿಕೊಂಡು ನಕ್ಕ ಹಾಗೆ ಕೇಳಿಸಿತು. ಭಾದ್ರಪದದಿಂದ ಈಚೆಗೆ ಈ ಮನೆಯವರ ನಗು ನಾನು ಕೇಳಿರಲಿಲ್ಲ. ಮುನ್ನಿಯಂತೂ ನೌಬಾದ ಮುಟ್ಟುವ ಮೊದಲೇ ಮಲಗಿಬಿಟ್ಟಿದ್ದಳು, ಮನೆಗೆ ಬಂದರೂ ಏಳಲಿಲ್ಲ.

ಇನ್ನು ಯಾವಾಗ ಬೇಕಾದರೂ ಹೊರಡಬಹುದು. ಆದರೆ ಆ ವಾಸನೆಯಲ್ಲಿ ವಕೀಲರ ಹೆಂಡತಿಯನ್ನು ಬೀಗರ ಮನೆಗೆ ಒಯ್ಯುವುದು ಹೇಗೆ? ಉಣ್ಣೆ ತೆಗೆದು ಸೀಗೆಕಾಯಿಯಲ್ಲಿ ತೊಳೆದು ಒಣಗಿಸಬೇಕು.

೧೨ ಏಪ್ರಿಲ್

ತೊಳೆದೆ. ಮೊದಲಿನಷ್ಟೇ ವಾಸನೆ, ಮೇಲೆ ಸೀಗೆಕಾಯಿಯದು ಬೇರೆ.

೧೫ ಏಪ್ರಿಲ್

ಹಿಡಿಕೆಯ ತಿರುಪು ಸ್ವಲ್ಪ ಸಡಿಲ ಎನಿಸಿತು. ಬಿಚ್ಚಿದೆ. ಬಿಚ್ಚಿದ ಮೇಲೆ ಸರಿಯಾಗಿಯೇ ಇತ್ತು ಎಂದು ತಿಳಿಯಿತು, ಆದರೆ ಬಿಚ್ಚದೆ ತಿಳಿಯುವುದು ಹೇಗೆ? ಮುನ್ನಿಗೆ ಕೆಳಗೆ ಒಂದು ಹಲ್ಲು ಬಂದಿದೆ. ನನ್ನ ಬೆರಳು ಕಚ್ಚಿದಳು.

೧೯ ಏಪ್ರಿಲ್, ಮಂಗಳವಾರ

ಡಬ್ಬಿಗೆ ಬಣ್ಣ ಬಳಿದೆ. ಕಪ್ಪು ಗಾಡಿಗೆ ತುಕ್ಕಿನ ಡಬ್ಬಿ ಶೋಭಿಸುವುದಿಲ್ಲ. ಒಣಗಲು ನಾಲ್ಕು ದಿನವಾದರೂ ಬೇಕು. ಈ ಬಿಸಿಲಿಗೆ ಒಂದು ಗಳಿಗೆಯಲ್ಲಿ ಒಣಗುತ್ತದೆ ಎಂದು ಭಾಗೀರಥಿಬಾಯಿ ವಾದ ಮಾಡಿದಳು. ಹಿಂದಿನ ಮನೆಯ ವಿಧವೆ, ದಿನಾ ಆಡಿನ ಹಾಲು ತರುತ್ತಾಳೆ, ರಾತ್ರಿ ದುಲ್ಹನ ಪಾಶಾರಿಗೆ ಜೊತೆಯಾಗಿ ಒಳಗೆ ಮಲಗುತ್ತಾಳೆ. ಯಾರು ಏನಂದರೂ ಬಿಟ್ಟಿಲ್ಲ. ಒಳ್ಳೆಯವಳು, ನಾಲಿಗೆ ಮಾತ್ರ ಚೂರಿ.

"ಬೆಣ್ಣಿ ಬಂದ ಮ್ಯಾಗೂ ಕಡೀಲಿಕ್ಕ ಹತ್ತೀದಿ ಅಲ್ಲೋ ಧೊಂಡಿಬಾ," ಎಂದಳು. "ಮತ್ತ ಮಜ್ಜಿಗ್ಯಾಗ ಕರಗ್ತದ ನೋಡು."

ಹೆಂಗಸರಿಗೆ ಮೋಟಾರಿನ ಕೆಲಸ ಏನು ಗೊತ್ತು?

ಈಗೀಗ ಸಂಜೆ ಅಂಗಳದಲ್ಲಿ ನೀರು ಹೊಡೆದು ಕುಳಿತರೆ ಒಳ್ಳೆಯದೆನಿಸುತ್ತದೆ. ಚಿಕ್ಕಿನ ಆಚೆ ದುಲ್ಹನ ಪಾಶಾ ಅಕ್ಕಿ ಆರಿಸುತ್ತ ಭಾಲ್ಕಿಯ ಕೋಟೆಯ ಸುತ್ತ ಹುಣಸೆಕಾಯಿ ಕದ್ದ ಕಥೆ ಹೇಳುತ್ತಾರೆ. ಈಚೆ ನಾನು ತಿರುಪು, ತಗಡು ಹರಡಿಕೊಂಡು ಕೇಳುತ್ತೇನೆ. ನಡುವೆ ಮುನ್ನಿ ಚಿಕ್ಕಿನ ಕೆಳಗಿಂದ ತೂರಿ ಅತ್ತಿಂದಿತ್ತ ಉರುಳುತ್ತಾಳೆ. ಅವಳಿಗೆ ಪರದೆ ಇಲ್ಲ. ಅವಳು ಅಳದೆ ಮಲಗಿದ ದಿನ ನನಗೆ ನಿದ್ದೆ ಹತ್ತುವುದಿಲ್ಲ, ಎದ್ದು ಕಿವಿಗೊಡುತ್ತೇನೆ.

೨೩ ಏಪ್ರಿಲ್

ಚಕ್ರದ ಕಿರ್ರ್ ಸದ್ದು ನನಗೆ ಹಿಡಿಸಲಿಲ್ಲ. ಪೂರ್ತಿ ಬಿಚ್ಚಿದೆ. ಎರಡು ದಿನ ಹೋಗುತ್ತದೆ, ಹೋಗಲಿ. ಹೊರಡುವ ಮಾತು ಅವರೂ ಎತ್ತಿಲ್ಲ.

೨೬ ಏಪ್ರಿಲ್, ಮಂಗಳವಾರ

ಗಾಳಿಯೇ ಇಲ್ಲ. ಬೀದರಿನ ಕೆಂಪು ಕಲ್ಲು ರಾತ್ರಿಯೂ ಆರುತ್ತಿಲ್ಲ. ನಿನ್ನೆಯಿಂದ ಮುನ್ನಿಗೆ ಭೇದಿ, ಮೈ ಕೆಂಡ. ಹಾಲು ಕುಡಿದರೆ ಹೊರಗೆ. ಸರ್ಕಾರಿ ದವಾಖಾನೆಗೆ ಒಯ್ದೆವು. ಡಾಕ್ಟರು ಹೊಸಬರು, ಸೋಲಾಪುರದ ಕಡೆಯವರು. ಔಷಧ ಕೊಟ್ಟು, ಇಲ್ಲಿ ಇದಕ್ಕಿಂತ ಹೆಚ್ಚಿನ ಉಪಚಾರವಿಲ್ಲ, ಹೈದರಾಬಾದಿನಲ್ಲಿ ಮಕ್ಕಳ ದೊಡ್ಡ ಡಾಕ್ಟರಿದ್ದಾರೆ, ಮೊದಲೇ ಯಾಕೆ ಒಯ್ಯಲಿಲ್ಲ ಎಂದು ಕೇಳಿದರು. ದುಲ್ಹನ ಪಾಶಾ ಬುರ್ಖಾದೊಳಗೆ ಕೂಸನ್ನು ಒತ್ತಿಕೊಂಡರು. ಗಾಡಿಯ ಡಬ್ಬಿ ರಿಪೇರಿಗೆ ಇತ್ತು ಎಂದು ನಾನು ಹೇಳಿದೆ.

೨೭ ಏಪ್ರಿಲ್

ಕಣ್ಣು ಒಳಗೆ ಹೋಗಿವೆ. ಅಳುವ ಶಕ್ತಿಯೂ ಇಲ್ಲ. ಅಳಲಿ ದೇವರೇ, ಒಮ್ಮೆ ಅಳಲಿ.

೨೮ ಏಪ್ರಿಲ್, ಗುರುವಾರ

ಬೆಳಿಗ್ಗೆ ದುಲ್ಹನ ಪಾಶಾ ಚಿಕ್ಕಿನ ಹತ್ತಿರ ಕರೆದರು. ಮುನ್ನಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು, ನೆರಳು ಕಾಣುತ್ತಿತ್ತು.

"ಡಬ್ಬಿ ಆಗಿ ಭಾಳ ದಿನ ಆತು ಧೊಂಡಿಬಾ. ಅವತ್ತ ನೌಬಾದಿಗಿ ಹೋದಾಗೇ ಆಗಿತ್ತು. ನೀ ಬಿಚ್ಚಾಕತ್ತಿದ್ದಿ, ನಾ ಸುಮ್ಮನ ನೋಡಾಕತ್ತಿದ್ದೆ."

ನಾನು ತಿರುಪಿನ ಮಾತು ಎತ್ತಿದೆ. ಅವರು ತಡೆದರು.

"ನಿನಗಷ್ಟ ಅನ್ನವಲ್ಲೆ. ನನಗೂ ಹೋಗಾಕ ಮನಸಿರಲಿಲ್ಲ. ಇದು ನನ್ನ ಮನಿ. ಇಲ್ಲಿಂದ ಹೊಂಟರ ಮತ್ತ ಬರಂಗಿಲ್ಲ ಅಂತ ನನಗ ಗೊತ್ತದ, ನಿನಗೂ ಗೊತ್ತದ. ಇಬ್ಬರೂ ಕೂಡಿ ಕೂಸಿನ ಜೀವದ ಮ್ಯಾಲೆ ದಿನಾ ದೂಡಿದೇವು. ಸಾಕು. ಜೋಡಸು."

ನಾನು ಜೋಡಿಸಿದೆ. ಸಣ್ಣ ತಿರುಪು ಎರಡು ಸಲ ಕೈಜಾರಿ ಬಿತ್ತು.

ಅವರು ಹೇಳಿದ್ದು ಪೂರ್ತಿ ಸರಿಯಲ್ಲ. ಚಕ್ರ ಸದ್ದು ಮಾಡುತ್ತಿದ್ದದ್ದು ನಿಜ. ಬಣ್ಣವೂ ಬೇಕಾಗಿತ್ತು. ಹೊರಡಬಾರದು ಎಂದು ನಾನೇನೂ ಮಾಡಿಲ್ಲ. ಈಗ ಬರೆಯುತ್ತ ಬರೆಯುತ್ತ ಕಣ್ಣು ಯಾಕೆ ಹೀಗೆ ಉರಿಯುತ್ತಿವೆಯೋ, ಬೆಸುಗೆಯ ಹೊಗೆ ಇರಬೇಕು.

೨ ಮೇ, ಸೋಮವಾರ. ಹೈದರಾಬಾದು

ನಾಕಾ ದಾಟುವ ಪರವಾನಿಗೆ ಶುಕ್ರವಾರ ಸಿಕ್ಕಿತು, ಶನಿವಾರ ಹೊರಟೆವು. ಭಾಗೀರಥಿಬಾಯಿ ಗಾಡಿಯ ಹತ್ತಿರ ಬಂದು ಕಿಟಕಿಯೊಳಗೆ ಕೈ ತೂರಿಸಿ ಮುನ್ನಿಯ ನೆಟಿಗೆ ಮುರಿದಳು. ತಾನು ಅಳಲಿಲ್ಲ. ನಾವು ಗಲ್ಲಿ ತಿರುಗುವವರೆಗೆ ಬೆನ್ನು ತೋರಿಸಿಕೊಂಡು ನಿಂತಿದ್ದಳು.

ನಾಕಾದಲ್ಲಿ ಅದೇ ತಡ, ಅದೇ ಬಿಸಿಲು. ಉಣ್ಣೆಯ ವಾಸನೆ ಸಿಪಾಯಿಗೂ ಬಡಿದಿರಬೇಕು, ಪರದೆ ಎತ್ತಿ ನೋಡಲು ಬಂದವನು ಮೂಗು ಹಿಂಡಿಕೊಂಡು, ಹೊರಡಿ ಎಂದ. ಆಮೇಲೆ ದಾರಿಯುದ್ದಕ್ಕೂ ನಾನು ಕೇಳಿದ್ದು ಒಂದೇ, ಆ ಕಿರ್ರ್ ಸದ್ದು. ನೂರು ಸಲ ಎಣ್ಣೆ ಹಾಕಿದರೂ ಹೋಗದ ಆ ಸದ್ದು ಇವತ್ತು ಹೋಗದಿರಲಿ ಎಂದು ಬೀರಪ್ಪನಿಗೆ ಬೇಡಿಕೊಂಡೆ. ಸದ್ದು ಬಂದಿತೆಂದರೆ ತಾಯಿ ದಾರ ಎಳೆದಳು, ತಾಯಿ ಎಳೆದಳೆಂದರೆ ಕೂಸು ಇದೆ. ಹಿಂದೆ ತಿರುಗಿ ನೋಡುವ ಹಾಗಿಲ್ಲ, ಕೇಳುವ ಧೈರ್ಯವಿಲ್ಲ. ಸಿಕ್ಕ ಸಿಕ್ಕ ಬಾವಿಯಲ್ಲಿ ನೀರು ತುಂಬಿದೆ.

ಸದಾಶಿವಪೇಟ ದಾಟಿದ ಮೇಲೆ ಸದ್ದು ನಿಂತಿತು. ಈಗ ಬಂದೀತು, ಈಗ ಬಂದೀತು ಎಂದು ಕಾದೆ. ಬರಲಿಲ್ಲ. ಗಾಡಿ ರಸ್ತೆಯ ಮೇಲೆಯೇ ನಿಂತುಬಿಟ್ಟಿತು, ಬ್ರೇಕು ನಾನೇ ಒತ್ತಿರಬೇಕು. ದುಲ್ಹನ ಪಾಶಾ ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಪರದೆಯ ಹಿಂದಿನಿಂದ ನಿದ್ದೆಗಣ್ಣಿನ ದನಿ ಬಂತು. ಕೂಸು ಹಾಲು ಕುಡಿದು ದಕ್ಕಿಸಿಕೊಂಡು ಮಲಗಿತ್ತಂತೆ, ಅದರ ಜೊತೆಗೆ ತಮಗೂ ಕಣ್ಣು ಹತ್ತಿತಂತೆ. ನಾನು ಸ್ಟೀರಿಂಗ್ ಮೇಲೆ ಹಣೆ ಇಟ್ಟೆ, ಆಮೇಲೆ ಗಾಡಿ ಬಿಟ್ಟೆ.

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಅರ್ಧ ಆಗಿದ್ದಾರೆ, ಗಡ್ಡ ಬೆಳ್ಳಗಾಗಿದೆ. ಮಗಳನ್ನು ಎತ್ತಿಕೊಂಡು ಕುತ್ತಿಗೆಗೆ ಮುಖ ಹಚ್ಚಿದರು. ಹಚ್ಚಿದವರು ತಲೆ ಎತ್ತಿ, ಇದೇನು ಈ ಹುಡುಗಿ ಕುರಿಮರಿಯ ಹಾಗೆ ನಾರುತ್ತದೆ ಎಂದು ನಗುತ್ತ ಅತ್ತರು. ಮುನ್ನಿಯೂ ಅತ್ತಳು, ಗಟ್ಟಿಯಾಗಿ. ದೊಡ್ಡ ಡಾಕ್ಟರು ನಿನ್ನೆ ನೋಡಿ ಜೀವಕ್ಕೆ ಭಯವಿಲ್ಲ ಎಂದರು.

ಗಾಡಿ ತೆಗೆದುಕೊಂಡು ಹೋಗು, ಮನೆ ನೋಡಿಕೊಂಡಿರು, ದಿನಗಳು ಸುಧಾರಿಸಿದ ಮೇಲೆ ಬರುತ್ತೇವೆ ಎಂದರು ಸಾಹೇಬರು. ಒಳಗೆ ಬಾಗಿಲ ಪರದೆ ಅಲುಗಿತು. ದುಲ್ಹನ ಪಾಶಾ ಉಂಡು ಹೋಗು ಧೊಂಡಿಬಾ ಎಂದಷ್ಟೇ ಹೇಳಿದರು.

೪ ಮೇ, ಬುಧವಾರ. ಮೈಲೂರು

ನಿನ್ನೆ ಹೊರಟು ಮನೆ ಮುಟ್ಟಿದೆ. ಪರದೆಗಳನ್ನು ಬಿಚ್ಚಲಿಲ್ಲ, ಬಿಚ್ಚಿದರೆ ಸೀಟಿನ ಮೇಲೆ ಧೂಳು ಕೂರುತ್ತದೆ. ಡಬ್ಬಿಯನ್ನೂ ಇಳಿಸಲಿಲ್ಲ. ಉಣ್ಣೆ ಒಣಗಿದರೆ ಗಟ್ಟಿಯಾಗಿ ಕೆಡುತ್ತದೆ, ದಾರ ಎಳೆಯಲು ಹಿಂದೆ ಯಾರೂ ಇಲ್ಲ, ಅದಕ್ಕೇ ಆಗಾಗ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದು ನಾನೇ ಎಳೆದೆ.

ಜಹೀರಾಬಾದಿನ ಈಚೆಯ ಬಾವಿಯಲ್ಲಿ ಡಬ್ಬಿಗೆ ನೀರು ತುಂಬಿಸಲು ನಿಂತೆ. ಒಬ್ಬ ಮುದುಕ ಎತ್ತಿಗೆ ನೀರು ಸೇದುತ್ತಿದ್ದ. ಕೊಡ ನೆಲಕ್ಕೆ ಕುಕ್ಕಿ, ಪರದೆ ಹಾಕಿದ ಗಾಡಿ ನೋಡಿ, ಯಾರ ಅದಾರ್ರಿ ಒಳಗ ಎಂದು ದೊಡ್ಡ ದನಿಯಲ್ಲಿ ಕೇಳಿದ.

"ಸಾವಕಾಶ ಮಾತಾಡ್ರಿ," ಎಂದೆ. "ಒಳಗ ಕೂಸು ಮಲಗ್ಯಾದ."

ಮುದುಕ ನಾಲಿಗೆ ಕಚ್ಚಿಕೊಂಡ. ಆಮೇಲೆ ಒಂದು ಮಾತೂ ಆಡದೆ, ಹಗ್ಗದ ಸದ್ದೂ ಆಗದ ಹಾಗೆ ನನಗೊಂದು ಕೊಡ ಸೇದಿ ಕೊಟ್ಟ. ನಾನು ಬಾಗಿಲನ್ನು ಮೆಲ್ಲಗೆ ಹಾಕಿದೆ. ಬೀದರ ಮುಟ್ಟುವವರೆಗೆ ಹಾರ್ನ್ ಹೊಡೆಯಲಿಲ್ಲ.